ಬುಗುರಿ ಕಡೆಯುವ ಲೇತ್‌ನಲ್ಲಿ ರೇಸ್ ಕಾರು

ಸೋಲೂರು: ಬೆಂಗಳೂರು-ಮಂಗಳೂರು ಹೆದ್ದಾರಿಯ ಈ ಊರಿನಿಂದ ಮಾಗಡಿ, ರಾಮನಗರ ದಾಟಿ ಸಾಗಿದರೆ ಬೊಂಬೆಗಳ ಊರು ಚನ್ನಪಟ್ಟಣ. ಅಲ್ಲಿನ ಅಂಗಡಿಗಳಲ್ಲಿ ಮರದ ಕಾರುಗಳಿಗೆ ಕೊರತೆಯಿಲ್ಲ; ಆದರೆ ಅವು ಕೈಯಿಂದ ತಳ್ಳಿದರಷ್ಟೇ ಓಡುತ್ತವೆ. ಅದೇ ಮರದಿಂದ ವಿದ್ಯುತ್ತಿನಲ್ಲಿ ಓಡುವ ‘ಸ್ಲಾಟ್ ಕಾರು’ ಮಾಡಬಹುದೇ? ಮಾಡಬಹುದು, ಕಾರಿನ ಆಯ್ಕೆ ಸರಿಯಿದ್ದರೆ.

ಸ್ಲಾಟ್ ಕಾರಿನ ತತ್ವ ಸರಳ. ಹಾದಿಯ ನಡುವೆ ಒಂದು ಸೀಳು, ಅದರ ಎರಡೂ ಬದಿಗೆ ಲೋಹದ ಪಟ್ಟಿ. ಕಾರಿನ ಮುಂಭಾಗದ ಅಡಿಯಲ್ಲಿರುವ ಅಲಗು ಸೀಳಿನೊಳಗೆ ಇಳಿದು ದಾರಿ ತೋರುತ್ತದೆ. ಅಲಗಿನ ಇಕ್ಕೆಲದ ತಾಮ್ರದ ಜಡೆಗಳು ಪಟ್ಟಿಗಳಿಂದ ವಿದ್ಯುತ್ ಪಡೆದು ಮೋಟಾರಿಗೆ ಒಯ್ಯುತ್ತವೆ. ಆಟಗಾರನ ಕೈಯಲ್ಲಿರುವುದು ವೇಗದ ಗುಂಡಿ ಮಾತ್ರ, ಸ್ಟೀರಿಂಗ್ ಇಲ್ಲ. ತಿರುವಿನಲ್ಲಿ ಅತಿಯಾಸೆಪಟ್ಟರೆ ಕಾರು ಹಾದಿ ಬಿಟ್ಟು ಹಾರುತ್ತದೆ. ಬ್ರಿಟನ್ನಿನ ಫ್ರೆಡ್ ಫ್ರಾನ್ಸಿಸ್ 1957ರಲ್ಲಿ ‘ಸ್ಕೇಲೆಕ್ಸ್‌ಟ್ರಿಕ್’ ಹೆಸರಿನಲ್ಲಿ ಈ ಆಟವನ್ನು ಮಾರುಕಟ್ಟೆಗೆ ತಂದಾಗ ಮೊದಲ ಕಾರುಗಳಲ್ಲೊಂದು ತಗಡಿನ ಮಸೆರಾಟಿ 250ಎಫ್.

ಇನ್ನು ನಮ್ಮ ಲೇತ್. ಅದು ಮಾಡಬಲ್ಲದ್ದು ದುಂಡನೆಯ ವಸ್ತುಗಳನ್ನು. ಬುಗುರಿ, ಗಿಲಕಿ, ಬಳೆ, ಚಕ್ರಗಳೆಲ್ಲ ಅಲ್ಲಿ ಸುತ್ತುತ್ತಲೇ ರೂಪು ಪಡೆಯುತ್ತವೆ. ಇಂದಿನ ರೇಸ್ ಕಾರಿನ ಮೂಲೆ, ಮಡಿಕೆಗಳು ಅದಕ್ಕೆ ಒಗ್ಗುವುದಿಲ್ಲ. ಆದರೆ ಫಾರ್ಮುಲಾ ಒನ್ ಕಾರುಗಳಿಗೆ ರೆಕ್ಕೆ ಮೂಡಿದ್ದು 1968ರಲ್ಲಿ. ಅದಕ್ಕೂ ಮುನ್ನಿನ ಕಾರು ಚುಟ್ಟದಂತೆ ಉದ್ದ, ದುಂಡು. 1963ರಲ್ಲಿ ಜಿಮ್ ಕ್ಲಾರ್ಕ್ ಹತ್ತರಲ್ಲಿ ಏಳು ರೇಸ್ ಗೆದ್ದು ವಿಶ್ವ ಚಾಂಪಿಯನ್ ಆದ ಲೋಟಸ್ 25 ಇಂಥದ್ದೇ. ಅರವತ್ತು ವರ್ಷ ಹಿಂದಿನ ಆ ಆಕಾರ ಚನ್ನಪಟ್ಟಣದ ಕೈಗೆ ಹೇಳಿ ಮಾಡಿಸಿದಂತಿದೆ.

ಲೋಟಸ್ 25ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,311 ಮಿ.ಮೀ. ಮೂವತ್ತೆರಡನೇ ಒಂದು ಪ್ರಮಾಣಕ್ಕೆ ಇಳಿಸಿದರೆ ಸುಮಾರು 72 ಮಿ.ಮೀ. ಈ ಅಳತೆ ಹಿಡಿದು ಚೆನ್ನಾಗಿ ಒಣಗಿದ ಆಲೆ ಮರವನ್ನು ಕಡೆಯಬೇಕು. ಬಿಳಿಯ, ನುಣುಪಾದ ಈ ಮರ ಉಳಿಗೆ ಸುಲಭವಾಗಿ ಮಣಿಯುತ್ತದೆ. ಬಣ್ಣ ಹಚ್ಚಬೇಕಾದದ್ದೂ ಆಗಲೇ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಅಂಟುತ್ತದೆ. ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಲೋಟಸ್‌ನ ಹಸಿರು ಹೀಗೆ ಸಿದ್ಧ. ಅದರ ಹಳದಿ ಪಟ್ಟಿಯದೇ ತಕರಾರು. ಲೇತ್ ಎಳೆಯುವ ಗೆರೆ ಮೈ ಸುತ್ತ ಬಳೆಯಂತೆ ಬರುತ್ತದೆಯೇ ಹೊರತು ಮೂತಿಯಿಂದ ಬಾಲದವರೆಗೆ ಉದ್ದಕ್ಕೆ ಬಾರದು. ಅದಕ್ಕೆ ಕುಂಚವೇ ಬೇಕು.

ಲೇತ್‌ನಿಂದ ಇಳಿಸಿದ ಮೇಲೆ ಬುಡವನ್ನು ಚಪ್ಪಟೆಯಾಗಿ ಕೊಯ್ದು, ಒಳಗನ್ನು ಕೊರೆದು, ಚಾಲಕನ ಗುಂಡಿ ತೆರೆಯಬೇಕು. ಗೋಡೆ ತೆಳುವಾದಷ್ಟೂ ಒಳ್ಳೆಯದು: ಮೇಲ್ಭಾಗ ಭಾರವಾದರೆ ಕಾರು ತಿರುವಿನಲ್ಲಿ ಮಗುಚುತ್ತದೆ. ಮೈ ಕಿರಿದಾದ್ದರಿಂದ ಮೋಟಾರನ್ನು ಉದ್ದುದ್ದಕ್ಕೇ ಕೂರಿಸಬೇಕು. 9 ಹಲ್ಲಿನ ಪುಟ್ಟ ಗೇರು 27 ಹಲ್ಲಿನ ದೊಡ್ಡದನ್ನು ತಿರುಗಿಸಿದರೆ ಮೋಟಾರಿನ ಮೂರು ಸುತ್ತಿಗೆ ಹಿಂಗಾಲಿಯದು ಒಂದು ಸುತ್ತು. ಬಿಸಿಗೆ ಕರಗುವ ಅರಗು ಇದೆಯೆಂಬುದನ್ನು ಮರೆಯದೆ ಮೋಟಾರಿಗೂ ಮರಕ್ಕೂ ನಡುವೆ ಗಾಳಿಯಾಡಲು ಜಾಗ ಬಿಡಬೇಕು. ಚಾಸಿಗೆ ಹಿತ್ತಾಳೆಯೇ ಲೇಸು. ಅದರ ತೂಕ ತಳದಲ್ಲೇ ಉಳಿಯುತ್ತದೆ.

ಮೋಟಾರು, ಗೇರು, ಅಲಗುಗಳನ್ನು ಕೊಂಡೇ ತರಬೇಕು. ಆದರೂ ಇದನ್ನು ಬರಿಯ ಶೋಕಿ ಎನ್ನಲಾಗದು. ಚನ್ನಪಟ್ಟಣದ ಆಟಿಕೆಗಳಿಗೆ 2005-06ನೇ ಸಾಲಿನಲ್ಲೇ ಭೌಗೋಳಿಕ ಗುರುತು ದೊರೆತರೂ ಮಕ್ಕಳ ಆಟಿಕೆಯ ಪೇಟೆಯಲ್ಲಿ ಅಚ್ಚಿನಿಂದ ಉದುರುವ ಪ್ಲಾಸ್ಟಿಕ್‌ನೊಂದಿಗೆ ಕೈಕೆಲಸ ಬೆಲೆಯಲ್ಲಿ ಸೆಣಸುವುದು ಕಷ್ಟ. ಒಂದೇ ಒಂದು ಕಾರಿಗಾಗಿ ವಾರಗಟ್ಟಲೆ ಕಾಯುವ ಹವ್ಯಾಸಿ ಬೇರೆ ಬಗೆಯ ಗಿರಾಕಿ. ಅವನು ಬೆಲೆ ಕಟ್ಟುವುದು ಕುಶಲತೆಗೆ. ಆದರೆ ಅವನು ಅರ್ಧ ಮಿ.ಮೀ. ವ್ಯತ್ಯಾಸವನ್ನೂ ಸಹಿಸುವುದಿಲ್ಲ, ಕಣ್ಣಳತೆಯ ಕೆಲಸಕ್ಕೆ ಅಳತೆಪಟ್ಟಿಯ ಶಿಸ್ತು ಸೇರಲೇಬೇಕು.

ಓಡಿಸುವ ಮುನ್ನ ಇನ್ನೊಂದು ಕೆಲಸವಿದೆ. ಮರಳುಕಾಗದದ ಮೇಲೆ ಹಿಂಗಾಲಿಗಳನ್ನು ತಿರುಗಿಸಿ ರಬ್ಬರಿನ ಉಬ್ಬುತಗ್ಗು ಸವೆಸಬೇಕು. ಬಳಿಕ ಕಾರನ್ನು ಹಾದಿಗಿಟ್ಟು ಗುಂಡಿಯನ್ನು ಮೆಲ್ಲಗೆ ಒತ್ತಿ. ಕಾರು ಹಿಂದಕ್ಕೆ ಓಡಿದರೆ ಗಾಬರಿ ಬೇಡ. ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು.