ಹಸಿವಿನ ಬೀಗ ಮಿದುಳಿನಲ್ಲಿದೆ

ದಪ್ಪಗಿರುವವರನ್ನು ಕಂಡರೆ ‘ಬಾಯಿಗೆ ಕಡಿವಾಣವಿಲ್ಲ’ ಎಂದು ತೀರ್ಪು ಕೊಟ್ಟುಬಿಡುವುದು ನಮ್ಮ ಸಮಾಜದ ರೂಢಿ. ಶಾಲೆಯ ಅಂಗಳದಿಂದ ಮದುವೆಯ ಪಂಕ್ತಿಯವರೆಗೂ ಈ ಅಣಕ ಅವರನ್ನು ಬೆನ್ನಟ್ಟುತ್ತದೆ. ಕಳೆದ ಮೂರು ದಶಕಗಳ ಸಂಶೋಧನೆ ಈ ತೀರ್ಪಿನ ಬುಡವನ್ನೇ ಅಲುಗಾಡಿಸಿದೆ.

ಮಿದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಅಂಗವಿದೆ. ಅಲ್ಲಿನ ಎರಡು ಬಗೆಯ ನರಕೋಶಗಳು ಪರಸ್ಪರ ವಿರುದ್ಧವಾದ ಸಂದೇಶ ರವಾನಿಸುತ್ತವೆ. ಒಂದು ಗುಂಪು ಆಲ್ಫಾ-ಎಂಎಸ್‌ಎಚ್ ಎಂಬ ಪೆಪ್ಟೈಡ್ ಸ್ರವಿಸಿ ‘ಸಾಕು’ ಎಂದರೆ, ಇನ್ನೊಂದು ಎಜಿಆರ್‌ಪಿ ಎಂಬ ಪೆಪ್ಟೈಡ್ ಮೂಲಕ ‘ಇನ್ನೂ ಬೇಕು’ ಎನ್ನುತ್ತದೆ. ಎರಡೂ ಪೈಪೋಟಿ ನಡೆಸುವುದು ಎಂಸಿ4ಆರ್ ಎಂಬ ಒಂದೇ ರಿಸೆಪ್ಟರ್‌ಗಾಗಿ. ರಿಸೆಪ್ಟರ್ ಬೀಗವಾದರೆ ಪೆಪ್ಟೈಡ್‌ಗಳು ಕೀಲಿಕೈಗಳು. ಮೊದಲನೆಯದು ಬೀಗ ತೆರೆದಾಗ ಹಸಿವು ಅಡಗುತ್ತದೆ. ಎರಡನೆಯದು ಅದು ತೆರೆಯದಂತೆ ಅಡ್ಡಗಟ್ಟುತ್ತದೆ.

ದೇಹದಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆ ಎಂಬ ವರದಿಯನ್ನು ಇವುಗಳಿಗೆ ಮುಟ್ಟಿಸುವುದು ಲೆಪ್ಟಿನ್ ಹಾರ್ಮೋನು. ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಅದರ ಜೀನನ್ನು ಪತ್ತೆ ಮಾಡಿತು. 1997ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಹುಟ್ಟಿನಿಂದಲೇ ಲೆಪ್ಟಿನ್ ಕೊರತೆಯಿದ್ದ ಇಬ್ಬರು ಮಕ್ಕಳನ್ನು ಗುರುತಿಸಿದರು. ಅವರಲ್ಲಿ ಎಂಟು ವರ್ಷದ ಬಾಲಕಿ 86 ಕಿಲೊ ತೂಗುತ್ತಿದ್ದಳು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ತಗ್ಗಿ ತೂಕ ಇಳಿಯಿತು. ಆ ಮಗುವಿಗೆ ಬೇಕಿದ್ದುದು ಔಷಧ. ಬುದ್ಧಿವಾದದಿಂದ ಆಗುವ ಕೆಲಸ ಅದಾಗಿರಲಿಲ್ಲ. ಎಂಸಿ4ಆರ್ ಜೀನಿನ ದೋಷವೂ ಸ್ಥೂಲಕಾಯಕ್ಕೆ ಕಾರಣವೆಂಬುದು 1998ರಲ್ಲಿ ತಿಳಿಯಿತು.

ಇಂಥ ದೋಷಗಳು ವಿರಳ. ಸ್ಥೂಲಕಾಯದ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಹೇರಳವಾಗಿಯೇ ಇರುತ್ತದೆ. ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ. ಪಥ್ಯ ಮಾಡಿ ತೂಕ ಇಳಿಸಿದರೆ ಲೆಪ್ಟಿನ್ ಕುಸಿದು ಹಸಿವು ಕೆರಳುತ್ತದೆ. ಬರಗಾಲಗಳನ್ನು ದಾಟಿ ಬಂದ ಜೀವಿಗೆ ಇದು ವರ. ಅಂಗಡಿ ತುಂಬ ಕರಿದ ತಿನಿಸು ತುಂಬಿರುವ ಕಾಲದಲ್ಲಿ ಇದೇ ಶಾಪ.

ಹಾಗೆಂದು ಎಲ್ಲವನ್ನೂ ಜೀನಿನ ತಲೆಗೆ ಕಟ್ಟುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಅಧಿಕ ತೂಕದ ಭಾರತೀಯ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ 20.6ರಷ್ಟಿತ್ತು, 2019–21ರಲ್ಲಿ ಶೇ 24ಕ್ಕೆ ಏರಿತು. ಇಷ್ಟು ಅಲ್ಪಾವಧಿಯಲ್ಲಿ ಜನಸಮುದಾಯದ ಜೀನುಗಳು ಬದಲಾಗುವುದಿಲ್ಲ. ಬದಲಾದದ್ದು ನಮ್ಮ ತಟ್ಟೆ ಮತ್ತು ದಿನಚರಿ.

ಎಂಸಿ4ಆರ್ ಬೀಗವನ್ನೇ ತೆರೆಯುವ ಸೆಟ್‌ಮೆಲನೊಟೈಡ್‌ಗೆ ಅಮೆರಿಕ 2020ರಲ್ಲಿ ಅನುಮತಿ ನೀಡಿತು. ಆ ಅನುಮತಿ ಕೆಲವು ಅಪರೂಪದ ಆನುವಂಶಿಕ ದೋಷಗಳಿಗೆ ಮಾತ್ರ ಸೀಮಿತವಾಗಿತ್ತು. ಬೇರೊಂದು ರಿಸೆಪ್ಟರ್ ಮೂಲಕ ಹಸಿವು ತಗ್ಗಿಸುವ ಸೆಮಾಗ್ಲುಟೈಡ್ 2025ರಲ್ಲಿ ತೂಕ ಇಳಿಕೆಯ ಚುಚ್ಚುಮದ್ದಾಗಿ ಭಾರತದ ಮಾರುಕಟ್ಟೆಗೂ ಬಂತು. ಆದರೆ ಚುಚ್ಚುಮದ್ದು ಸಾರ್ವಜನಿಕ ನೀತಿಯ ಸ್ಥಾನ ತುಂಬಲಾರದು. ಚಿಲಿ ದೇಶ 2016ರಿಂದಲೇ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮೇಲೆ ಕಪ್ಪು ಎಚ್ಚರಿಕೆ ಚೀಟಿ ಕಡ್ಡಾಯ ಮಾಡಿದೆ. ಶಾಲಾ ಮಕ್ಕಳಿಗೆ ಆಟದ ಬಯಲು, ಪೊಟ್ಟಣದ ಮೇಲೆ ಪ್ರಾಮಾಣಿಕ ಮಾಹಿತಿ, ದಪ್ಪಗಿರುವ ಮಗುವಿಗೆ ಅಣಕದ ಬದಲು ವೈದ್ಯರ ಸಲಹೆ: ನಮ್ಮಲ್ಲೂ ಆಗಬೇಕಾದದ್ದು ಇದೇ.