ಆಟಿಕೆ ಕಾರಿನ ಅಸಲಿ ಪಾಠ

‘ಬಿಇ ಓದೋದು ಆಟಿಕೆ ಕಾರು ಓಡಿಸೋಕಾ?’ ಈ ಮಾತನ್ನು ಹಾಸ್ಟೆಲ್‌ನಲ್ಲೂ ಕೇಳಿದ್ದೇನೆ, ಊರಿಗೆ ಹೋದಾಗ ಮನೆಯಲ್ಲೂ ಕೇಳಿದ್ದೇನೆ. ನೆಲಕ್ಕೆ ಅಂಟಿಸಿದ ಟೇಪುಗಳ ನಡುವೆ ಪುಟ್ಟ ಗಾಡಿಯೊಂದು ತಾನೇ ದಾರಿ ಹುಡುಕಿಕೊಂಡು ಹೋಗುವುದು ನೋಡುವವರಿಗೆ ಮಕ್ಕಳಾಟವೇ. ಆದರೆ ಚಾಲಕರಹಿತ ವಾಹನಗಳ ಪಾಠವನ್ನು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೂ ಇದೇ ಆಟದಿಂದ ಹೇಳಿಕೊಡುತ್ತಿವೆ.

ಅಮೆರಿಕದ ಎಂಐಟಿಯಲ್ಲಿ 2016ರಲ್ಲಿ ಒಂದು ತರಗತಿಗಾಗಿ ‘ಡಕಿಟೌನ್’ ಎಂಬ ಪುಟಾಣಿ ಪಟ್ಟಣ ಹುಟ್ಟಿತು. ಅದರ ನಿವಾಸಿಗಳು ಹಳದಿ ರಬ್ಬರ್ ಬಾತುಕೋಳಿಗಳು! ರಸ್ತೆಯ ಅಂಚಿಗೆ ಬಿಳಿ ಟೇಪು, ಮಧ್ಯಕ್ಕೆ ಹಳದಿ ಟೇಪು, ನಿಲ್ಲಬೇಕಾದಲ್ಲಿ ಕೆಂಪು ಟೇಪು. ಗಾಡಿಗೆ ಇದ್ದದ್ದು ಒಂದೇ ಕ್ಯಾಮೆರಾ, ಒಂದು ರಾಸ್ಪ್‌ಬೆರಿ ಪೈ. ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹತ್ತನೇ ಒಂದು ಅಳತೆಯ ಕಾರುಗಳ ‘ಎಫ್‌1ಟೆಂತ್’ ರೇಸ್ ಯೋಜನೆ ಶುರುವಾಯಿತು. ಜರ್ಮನಿಯ ಆಕೆನ್‌ನ ಪ್ರಯೋಗಾಲಯವೊಂದರಲ್ಲಿ ಹದಿನೆಂಟನೇ ಒಂದು ಅಳತೆಯ 20 ಗಾಡಿಗಳು ಒಟ್ಟಿಗೆ ಓಡುತ್ತವೆ.

ಇಷ್ಟೆಲ್ಲ ಯಾಕೆ, ಕಂಪ್ಯೂಟರಿನಲ್ಲೇ ಸಿಮ್ಯುಲೇಷನ್ ಮಾಡಿದರೆ ಸಾಲದೇ ಎಂದು ಕೇಳಬಹುದು. ಸಿಮ್ಯುಲೇಷನ್ ಬೇಕೇ ಬೇಕು. ಆದರೆ ನಾವು ಬರೆಯದ ಹೊರತು ಅಲ್ಲಿ ಬ್ಯಾಟರಿ ಇಳಿಯುವುದಿಲ್ಲ, ಚಕ್ರ ಜಾರುವುದಿಲ್ಲ, ವೈ–ಫೈ ಕೈಕೊಡುವುದಿಲ್ಲ. ಹಾಗಂತ ಅಸಲಿ ಕಾರನ್ನೇ ಓಡಿಸೋಣವೆಂದರೆ ಜಾಗ ಬೇಕು, ಅನುಮತಿ ಬೇಕು, ತಪ್ಪಾದರೆ ಜೀವ ಹೋಗುತ್ತದೆ. ಇವೆರಡರ ನಡುವೆ ನಿಂತಿರುವುದೇ ಈ ಪುಟ್ಟ ಊರುಗಳು.

ಕಳೆದ ಸೆಮಿಸ್ಟರ್‌ನಲ್ಲಿ ನಾವು ಮೂವರು ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಹೀಗೇ ಒಂದು ದಾರಿ ಮಾಡಿದ್ದೆವು. ಲ್ಯಾಪ್‌ಟಾಪಿನಲ್ಲಿ ನೂರು ಸುತ್ತು ಸಲೀಸಾಗಿ ಮುಗಿಸಿದ್ದ ಗಾಡಿ, ನಿಜವಾದ ನೆಲದ ಮೇಲೆ ಪ್ರತಿ ಸಲವೂ ಒಂದೇ ತಿರುವಿನಲ್ಲಿ ದಾರಿ ಬಿಡುತ್ತಿತ್ತು. ನೋಡಿದರೆ, ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ನೀಟಾಗಿ ಬಿಳಿ ಗೆರೆಯ ಹಾಗೆ ಬಿದ್ದಿತ್ತು! ಮಳೆ ಬಿದ್ದ ರಾತ್ರಿ ಎದುರು ಬಸ್ಸಿನ ಹೆಡ್‌ಲೈಟು ರಸ್ತೆಯ ಮೇಲೆ ಬಿದ್ದಾಗ ಅಸಲಿ ಕಾರಿನ ಕ್ಯಾಮೆರಾಕ್ಕೆ ಎದುರಾಗುವ ಕಷ್ಟವೂ ಇದೇ ಜಾತಿಯದು.

ಆದರೆ ಚಿಕ್ಕ ಗಾಡಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಇಲ್ಲೊಂದು ಲೆಕ್ಕವಿದೆ, ಪಿಯುಸಿ ಫಿಸಿಕ್ಸ್ ಸಾಕು. ಘರ್ಷಣೆಯ ಗುಣಾಂಕ 0.7 ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 14 ಮೀಟರ್ ಹೋಗಿ ನಿಲ್ಲುತ್ತದೆ. ಈಗ ಹತ್ತನೇ ಒಂದು ಅಳತೆಯ ಗಾಡಿಯನ್ನು 5 ಕಿ.ಮೀ. ವೇಗದಲ್ಲಿ ಓಡಿಸೋಣ. ನಿಲ್ಲಲು 1.4 ಮೀಟರ್ ಬೇಕು ಅನ್ನಿಸುತ್ತದೆ ಅಲ್ಲವೇ? ಇಲ್ಲ, 14 ಸೆಂಟಿಮೀಟರ್ ಸಾಕು. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಗುರುತ್ವಾಕರ್ಷಣೆ ಮಾತ್ರ ಕುಗ್ಗದೆ ಹಾಗೇ ಇರುತ್ತದೆ. ಹೀಗಾಗಿ ಪುಟ್ಟ ಗಾಡಿ ಪಟ್ಟನೆ ನಿಂತು, ನಮ್ಮ ಪ್ರೋಗ್ರಾಂ ಅದ್ಭುತವಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಸರಿಯಾದ ಹೋಲಿಕೆ ಬೇಕೆಂದರೆ ವೇಗವನ್ನು 10ರಿಂದಲ್ಲ, 10ರ ವರ್ಗಮೂಲದಿಂದ ಭಾಗಿಸಬೇಕು. ಅಂದರೆ ಸುಮಾರು 16 ಕಿ.ಮೀ. ವೇಗ. ಆಗ ಎಲ್ಲವೂ ಮೂರು ಪಟ್ಟು ಬೇಗ ನಡೆಯುತ್ತದೆ. ದೊಡ್ಡ ಕಾರಿನಲ್ಲಿ 100 ಮಿಲಿಸೆಕೆಂಡ್ ತಡವಾದರೂ ನಡೆಯುತ್ತದೆ ಎನ್ನುವ ಕಡೆ, ಇಲ್ಲಿ ಸುಮಾರು 30ರಲ್ಲಿ ಕೆಲಸ ಮುಗಿಯಬೇಕು. ಚಿಕ್ಕ ಗಾಡಿಗೇ ಚುರುಕು ಬುದ್ಧಿ ಬೇಕು!

ಗಾಡಿ ಒಂದಲ್ಲ, ಸಾವಿರವಾದರೆ? 2014ರಲ್ಲಿ ಹಾರ್ವರ್ಡ್‌ನಲ್ಲಿ ರಾಧಿಕಾ ನಾಗಪಾಲ್ ಅವರ ತಂಡ 1,024 ‘ಕಿಲೋಬಾಟ್’ಗಳನ್ನು ಒಟ್ಟಿಗೆ ಬಿಟ್ಟಿತು. ಮೂರು ಕಡ್ಡಿ ಕಾಲುಗಳ, ನಾಣ್ಯದಷ್ಟಗಲದ ಈ ರೋಬೊಗಳಿಗೆ ಚಕ್ರವೂ ಇಲ್ಲ, ನಡುಗುತ್ತಾ ಸರಿಯುತ್ತವೆ. ಪಕ್ಕದವರೊಂದಿಗೆ ಮಾತ್ರ ಮಾತಾಡುತ್ತಾ, ನಾಯಕನಿಲ್ಲದೆ, ಸುಮಾರು 12 ಗಂಟೆಗಳಲ್ಲಿ ನಕ್ಷತ್ರದ ಆಕಾರ ಕಟ್ಟಿದವು. ನನಗೆ ನಕ್ಷತ್ರಕ್ಕಿಂತ ಹಿಡಿಸಿದ್ದು ಬೇರೆ ಸಂಗತಿ. ಸಾವಿರ ರೋಬೊಗಳ ಸ್ವಿಚ್ಚು ಒತ್ತುವವರು ಯಾರು, ಚಾರ್ಜಿಗೆ ಹಾಕುವವರು ಯಾರು? ಮೇಲಿನಿಂದ ಇನ್‌ಫ್ರಾರೆಡ್ ಬೆಳಕಿನಲ್ಲಿ ಎಲ್ಲಕ್ಕೂ ಒಮ್ಮೆಗೇ ಪ್ರೋಗ್ರಾಂ ಕಳಿಸುವ, ಒಟ್ಟಿಗೇ ಚಾರ್ಜ್ ಮಾಡುವ ದಾರಿಯನ್ನೂ ಅವರು ಹುಡುಕಬೇಕಾಯಿತು. ಸಿಮ್ಯುಲೇಷನ್‌ನಲ್ಲಿ ಇಂಥ ಪ್ರಶ್ನೆ ಏಳುವುದೇ ಇಲ್ಲ.

ಇಂಥ ಲ್ಯಾಬ್ ನಮ್ಮ ಕಾಲೇಜಿನಲ್ಲಿ ಎಲ್ಲಿದೆ ಎನ್ನುತ್ತೀರಾ? ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಮ್ಯಾಗ್ನಸ್ ಎಗರ್‌ಸ್ಟೆಟ್ ಅವರ ತಂಡ 2017ರಲ್ಲಿ ‘ರೋಬೊಟೇರಿಯಂ’ ತೆರೆದದ್ದು ಇದೇ ಕೊರತೆಗಾಗಿ. ಎಲ್ಲಿಂದ ಬೇಕಾದರೂ ಕೋಡ್ ಕಳಿಸಬಹುದು. ಅದು ಅಲ್ಲಿನ ನಿಜವಾದ ರೋಬೊಗಳ ಮೇಲೆ ಓಡಿ, ವಿಡಿಯೊ ಮತ್ತು ದತ್ತಾಂಶ ನಮಗೆ ವಾಪಸ್ ಬರುತ್ತದೆ. ನಮ್ಮ ಕೋಡ್ ಎರಡು ರೋಬೊಗಳನ್ನು ಡಿಕ್ಕಿ ಹೊಡೆಸುವಂತಿದ್ದರೆ, ಅಲ್ಲಿನ ಗಣಿತವೇ ಅಷ್ಟರ ಮಟ್ಟಿಗೆ ಮಾತ್ರ ಅದನ್ನು ತಿದ್ದುತ್ತದೆ. ಕೆಲಸ ಮುಗಿದ ಮೇಲೆ ರೋಬೊಗಳು ತಾವೇ ಹೋಗಿ ಚಾರ್ಜಿಗೆ ನಿಲ್ಲುತ್ತವೆ.

ಇನ್ನೊಂದು ಮಾತು. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ರೆಡಿಮೇಡ್ ತರುವ ರೂಢಿ ನಮ್ಮಲ್ಲಿ ಎಷ್ಟಿದೆ ಎಂಬುದು ನಿಮಗೂ ಗೊತ್ತು. ಅದರಲ್ಲಿ ಎಲ್ಲವೂ ಮೊದಲೇ ಕೆಲಸ ಮಾಡುತ್ತಿರುತ್ತದೆ. ಸಂದರ್ಶನದಲ್ಲಿ ‘ಏನು ತೊಂದರೆ ಬಂತು, ಹೇಗೆ ಸರಿಮಾಡಿದೆ?’ ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಸುತ್ತಿದರೆ ಚಕ್ರ, ಮೋಟರ್, ಸೆನ್ಸರ್ ಎಲ್ಲವೂ ಸಿಗುತ್ತವೆ. ಟೇಪು ನಿಮ್ಮೂರಿನ ಅಂಗಡಿಯಲ್ಲೇ ಸಿಗುತ್ತದೆ.

ನಾವೀಗ ಎರಡನೇ ಗಾಡಿ ಜೋಡಿಸುತ್ತಿದ್ದೇವೆ. ಸಿಗ್ನಲ್ ಇಲ್ಲದ ಸರ್ಕಲ್‌ನಲ್ಲಿ ಎರಡೂ ಒಮ್ಮೆಗೇ ಬಂದರೆ, ಮೊದಲು ಯಾರು ಹೋಗಬೇಕೆಂದು ಅವೇ ಮಾತಾಡಿಕೊಳ್ಳಬೇಕು. ಒಂದರ ಸಂದೇಶ ಇನ್ನೊಂದಕ್ಕೆ ತಲುಪಲು ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ ಎಂದು ಸದ್ಯ ಅಳೆಯುತ್ತಿದ್ದೇವೆ. ಹಾಸ್ಟೆಲ್ ಹುಡುಗರೆಲ್ಲ ವೈ–ಫೈಗೆ ಬೀಳುವ ರಾತ್ರಿ ಒಂಬತ್ತರ ಮೇಲೆ ಒಂದು ಸಲ, ಬೆಳಗಿನ ಜಾವ ಇನ್ನೊಂದು ಸಲ.