ಹೋಟೆಲಿನ ಕರಾರು ರದ್ದಾದಾಗ ಮುಂಗಡ ಯಾರಿಗೆ ಸೇರಬೇಕು?

ಖರೀದಿದಾರರೊಡನೆ ಮಾತುಕತೆ, ತರಬೇತಿ, ವಸ್ತುಪ್ರದರ್ಶನ ಮುಂತಾದ ಕೆಲಸಗಳಿಗಾಗಿ ನಮ್ಮ ಸದಸ್ಯರು ಗುಂಪಾಗಿ ಬೆಂಗಳೂರಿಗೆ ಹೋಗುವುದುಂಟು. ಹಲವರ ಮಕ್ಕಳು ಬಿಟಿಎಂ ಲೇಔಟಿನ ಆಸುಪಾಸಿನಲ್ಲಿಯೇ ಉದ್ಯೋಗದಲ್ಲಿರುವುದರಿಂದ ಬಿಡಾರವೂ ಅಲ್ಲಿಯೇ ಆಗುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಹೊತ್ತ ಈ ಬಡಾವಣೆಗೆ 2025ರ ಆಗಸ್ಟಿನಿಂದ ಮೆಟ್ರೋ ರೈಲೂ ಬಂದಿದೆ. ಆದರೆ ಹೊರಡುವುದು ತಪ್ಪಿದಾಗ ಕೊಟ್ಟ ಮುಂಗಡದ ಗತಿ ಏನೆಂಬುದನ್ನು ಮೊದಲೇ ಯೋಚಿಸುವವರು ಕಡಿಮೆ. ಈ ಪಾಠವನ್ನು ನಾವು ಹಣ ತೆತ್ತೇ ಕಲಿತೆವು.

2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಆಗಬೇಕಿದ್ದ ವಿಶ್ವ ಕಾಫಿ ಸಮ್ಮೇಳನ ಕೋವಿಡ್ಡಿನಿಂದ ಮುಂದೆ ಹೋಗಿ, 2023ರ ಸೆಪ್ಟೆಂಬರ್ 25ರಿಂದ 28ರವರೆಗೆ ಅರಮನೆಯ ಆವರಣದಲ್ಲಿ ನಡೆಯಿತು. ಅದನ್ನು ನೋಡಲೆಂದು ನಾವು ಬಿಟಿಎಂ ಲೇಔಟಿನ ಒಂದು ಹೋಟೆಲಿನಲ್ಲಿ 12 ಕೋಣೆಗಳನ್ನು ಎರಡು ರಾತ್ರಿಗೆ, ಕೋಣೆಗೆ ದಿನಕ್ಕೆ 2,500 ರೂಪಾಯಿಯಂತೆ ಗೊತ್ತುಮಾಡಿ, ಒಟ್ಟು 60,000 ರೂಪಾಯಿಯಲ್ಲಿ 30,000 ಮುಂಗಡ ಕಟ್ಟಿದ್ದೆವು. ಅಷ್ಟರಲ್ಲಿ ಕಾವೇರಿ ನೀರಿನ ಪ್ರಶ್ನೆಯಿಂದ 26ರಂದು ಬೆಂಗಳೂರು ಬಂದ್ ಎಂದು ಕರೆ ಬಂತು. ವಯಸ್ಸಾದವರನ್ನು ಕರೆದುಕೊಂಡು ಹೊರಡಲು ಧೈರ್ಯ ಸಾಲದೆ, ಹಿಂದಿನ ಸಂಜೆ ಫೋನು ಮಾಡಿ ಬೇಡವೆಂದೆವು. ರಸೀದಿಯಲ್ಲಿ "ಮುಂಗಡ ವಾಪಸಿಲ್ಲ" ಎಂಬ ಒಂದೇ ಸಾಲಿತ್ತು. ಹೋಟೆಲಿನವರು ಅದನ್ನೇ ತೋರಿಸಿದರು.

ಇದರಲ್ಲಿ ನ್ಯಾಯ ಯಾವುದು? ಅಡಿಕೆ ಚೇಣಿಯನ್ನು ನೆನೆದರೆ ನಮಗೆ ಸುಲಭವಾಗಿ ತಿಳಿಯುತ್ತದೆ. ಚೇಣಿದಾರನು ಕೊನೆ ಬಲಿಯುವ ಮೊದಲೇ ಬಿಟ್ಟರೆ ತೋಟವನ್ನು ಬೇರೆಯವರಿಗೆ ಕೊಡಬಹುದು, ನಮಗೆ ನಷ್ಟವಿಲ್ಲ. ಕೊಯ್ಲಿನ ಹೊತ್ತಿಗೆ ಕೈಕೊಟ್ಟರೆ ಅವನ ಮುಂಗಡ ಹಿಡಿಯುವುದು ತಪ್ಪಲ್ಲ. ಆದರೆ ಅದೇ ವಾರ ಬೇರೊಬ್ಬನು ಅದೇ ದರಕ್ಕೆ ಬಂದರೆ? ಇಬ್ಬರ ಹಣವನ್ನೂ ಇಟ್ಟುಕೊಳ್ಳುವುದು ಧರ್ಮವಲ್ಲ. ಹೋಟೆಲಿನ ಕೋಣೆಯೂ ಹಾಗೆಯೇ. ಇಂದು ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲಾಗದು.

ಕಾನೂನೂ ಇದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 74ನೇ ಕಲಮಿನಂತೆ, ಕರಾರಿನಲ್ಲಿ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಲ್ಲತಕ್ಕದ್ದು ನ್ಯಾಯವಾದ ಪರಿಹಾರ. ಮೊದಲೇ ಪಡೆದ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1963ರಲ್ಲಿ ಫತೇಚಂದ್ ಮೊಕದ್ದಮೆಯಲ್ಲಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ನಷ್ಟಕ್ಕೆ ತೀರ ಮೀರಿದ ದಂಡ ಹೇರುವ ಕರಾರನ್ನು ಅನ್ಯಾಯದ ಕರಾರುಗಳ ಸಾಲಿಗೆ ಸೇರಿಸಿದೆ.

ಹಾಗೆಂದು ಎಲ್ಲ ಹಣವೂ ನಮ್ಮದೆನ್ನುವಂತಿಲ್ಲ. ನೆರವೇರಿಸಲು ಅಸಾಧ್ಯವಾದ ಕರಾರು 56ನೇ ಕಲಮಿನಂತೆ ಬಿದ್ದುಹೋಗುತ್ತದೆ. 2020ರ ಮಾರ್ಚಿಯಲ್ಲಿ ಸರ್ಕಾರವೇ ಸಭೆ ಸಮಾರಂಭಗಳನ್ನು ನಿಷೇಧಿಸಿದಾಗಿನ ಮಾತು ಬೇರೆ. ಬಂದ್ ದಿನ ಹೋಟೆಲು ತೆರೆದೇ ಇತ್ತು, ಸಮ್ಮೇಳನವೂ ನಡೆಯಿತು. ಹೋಗದೆ ಉಳಿದವರು ನಾವು.

ಆದ್ದರಿಂದ ಜಗಳವಾಡದೆ ಲೆಕ್ಕ ಕೇಳಿದೆವು. 12ರಲ್ಲಿ 7 ಕೋಣೆಗಳು ಬೇರೆಯವರಿಗೆ ಅದೇ ದರಕ್ಕೆ ಎರಡೂ ರಾತ್ರಿ ಹೋಗಿದ್ದವು. ಖಾಲಿ ಉಳಿದ 5 ಕೋಣೆಗಳಿಗೆ ಎರಡು ರಾತ್ರಿಯ ಬಾಡಿಗೆ 25,000. ತಿಂಡಿ, ಬಟ್ಟೆ ಒಗೆತ ಉಳಿದದ್ದು ಕೋಣೆಗೆ ದಿನಕ್ಕೆ 500ರಂತೆ 5,000. ನಿಜವಾದ ನಷ್ಟ 20,000. ಪತ್ರ ಬರೆದ ಮೇಲೆ ಅವರು ಉಳಿದ 10,000ವನ್ನು ಮುಂದಿನ ಸಲದ ಲೆಕ್ಕಕ್ಕೆ ಜಮಾ ಹಿಡಿದರು. ಈ ಮಾತು ಮೊದಲೇ ಬರವಣಿಗೆಯಲ್ಲಿದ್ದಿದ್ದರೆ ಇಷ್ಟು ಓಡಾಟ ಬೇಕಿರಲಿಲ್ಲ.

ಮುಂದೆ ಗುಂಪಾಗಿ ಕೋಣೆ ಗೊತ್ತುಮಾಡುವ ಸದಸ್ಯರು ಈ ಅಂಶಗಳನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು:

1. ದಿನ ಹತ್ತಿರವಾದಂತೆ ಏರುವ ಕಡಿತ. 60 ದಿನಕ್ಕೆ ಮೊದಲು ತಿಳಿಸಿದರೆ ಪೂರ್ತಿ ವಾಪಸು, 30 ದಿನಕ್ಕೆ ಮೊದಲಾದರೆ ಒಟ್ಟು ಬಾಡಿಗೆಯ ಶೇಕಡಾ 10, 10 ದಿನಕ್ಕೆ ಮೊದಲಾದರೆ 25, ಆಮೇಲೆ 50. ಈ ಅಂಕಿಗಳು ಸೂಚನೆ ಮಾತ್ರ, ಚೌಕಾಸಿಗೆ ಅವಕಾಶವಿದೆ.

2. ಕೋಣೆ ಬೇರೆಯವರಿಗೆ ಹೋದರೆ ಆ ಹಣ ನಮ್ಮ ಲೆಕ್ಕಕ್ಕೆ ವಜಾ ಆಗಬೇಕು.

3. ಹತ್ತರಲ್ಲಿ ಒಂದು ಕೋಣೆ ಕಡಿಮೆಯಾದರೆ ದಂಡವಿರಬಾರದು. ಮನೆಯಲ್ಲಿ ಕಾಯಿಲೆ, ತೋಟದಲ್ಲಿ ಆಳಿನ ತೊಂದರೆ ಯಾರಿಗೂ ತಪ್ಪಿದ್ದಲ್ಲ.

4. ಬಂದ್, ಸರ್ಕಾರಿ ನಿಷೇಧ, ಘಾಟಿ ಕುಸಿತ ಇವುಗಳನ್ನು ಹೆಸರು ಹೇಳಿಯೇ ಬರೆಸಬೇಕು. 2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು ಎಲ್ಲರಿಗೂ ನೆನಪಿದೆ. ಇಂಥ ವೇಳೆ ದಿನಾಂಕ ಬದಲಿಸಿಕೊಳ್ಳುವ ಹಕ್ಕು ಇರಲಿ.

5. ಹೋಟೆಲಿನವರೇ ಕೈಬಿಟ್ಟರೆ ಮುಂಗಡ ಪೂರ್ತಿ ಹಿಂದಿರುಗಬೇಕು. ಸಮೀಪದಲ್ಲಿ ಬೇರೆ ಕೋಣೆ ಕೊಡಿಸಿ ಹೆಚ್ಚುವರಿ ಬಾಡಿಗೆಯನ್ನು ಅವರೇ ಭರಿಸಬೇಕು. ಕಟ್ಟುಪಾಡು ಎರಡು ಕಡೆಗೂ ಒಂದೇ ಆಗಿರಬೇಕು.

6. ರದ್ದತಿ ಶುಲ್ಕದ ಮೇಲೂ ಜಿ.ಎಸ್.ಟಿ. ಬೀಳುತ್ತದೆಂದು 2022ರ ಆಗಸ್ಟಿನ ಕೇಂದ್ರ ಸುತ್ತೋಲೆ ತಿಳಿಸಿದೆ. ಕಡಿತದ ಮೊತ್ತ ತೆರಿಗೆ ಸೇರಿಯೋ, ಹೊರತಾಗಿಯೋ ಎಂದು ಕೇಳಿಕೊಳ್ಳಿ.

ನಮ್ಮ ಕಡೆಯ ಕರ್ತವ್ಯವೂ ಇದೆ. ಕೊಯ್ಲು, ಹೂಮಳೆ, ಬೋರ್ಡೋ ಸಿಂಪರಣೆಯ ದಿನಗಳಲ್ಲಿ ಸಭೆ ಇಟ್ಟುಕೊಳ್ಳದಿರುವುದು ಲೇಸು. ಬರುವುದಿಲ್ಲವೆಂದು ಗೊತ್ತಾದ ದಿನವೇ ಬರವಣಿಗೆಯಲ್ಲಿ ತಿಳಿಸಬೇಕು; ಸಂಕೋಚದಿಂದ ಒಂದು ವಾರ ತಡಮಾಡಿದರೆ ಆ ನಷ್ಟ ನಮ್ಮದೇ. ಅಲ್ಲಿ ಅಡಿಗೆಯವರಿಗೂ ಕೋಣೆ ಗುಡಿಸುವವರಿಗೂ ದಿನದ ಕೂಲಿ ಸಲ್ಲಬೇಕೆಂಬುದನ್ನು ಆಳುಗಳೊಡನೆ ದುಡಿಯುವ ನಾವು ಮರೆಯಬಾರದು.

ಮುಂಗಡ ಕಟ್ಟುವ ಮೊದಲು ಕರಾರಿನ ಕಾಗದವನ್ನು ಒಮ್ಮೆ ಸಂಘದ ಕಚೇರಿಗೆ ತಂದು ತೋರಿಸಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ. ಸಹಿ ಹಾಕುವ ಮುನ್ನ ಕೇಳುವ ಒಂದು ಮಾತು, ಆಮೇಲೆ ಬರೆಯುವ ಹತ್ತು ಪತ್ರಗಳಿಗಿಂತ ಮೇಲು.